ಅಕ್ಕಿಯ ಅಳತೆ, ಪ್ರಸಾದದ ಅವಧಾನ

ಪರಶಿವನ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಸ್ವೀಕರಿಸತಕ್ಕ ಅನ್ನವನ್ನು, ಬಡಿಸುವವನ ಸೌಟಿಗೆ ಕೈ ಅಡ್ಡ ಹಿಡಿದು 'ಇಷ್ಟೇ ಸಾಕು' ಎಂದು ತಡೆಯುವುದು ಭಕ್ತನಾದವನಿಗೆ ಉಚಿತವೆ? ಹಿಂದಿನ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಇಂದಾದರೋ ಮನೆಮನೆಯಲ್ಲಿಯೂ ಎದ್ದಿದೆ. ಉತ್ತರ ಕಾಣದೆ ಅನೇಕ ಸದ್ಗೃಹಸ್ಥರು ಒಂದು ಕಡೆ ವೈದ್ಯನ ಮಾತಿಗೂ ಮತ್ತೊಂದು ಕಡೆ ತಮ್ಮ ಆಚಾರಕ್ಕೂ ಅಂಜುತ್ತ ನಡುವೆ ತೊಳಲುತ್ತಿದ್ದಾರೆ.

ಜಾತ್ರೆಯ ದಿನ ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತ ಗೃಹಸ್ಥನೊಬ್ಬನನ್ನು ಭಾವಿಸಿಕೊಳ್ಳಬಹುದು. ವಯಸ್ಸು ಅರವತ್ತರ ಸಮೀಪ. ತ್ರಿಕಾಲ ಲಿಂಗಪೂಜೆಯನ್ನು ತಪ್ಪಿಸಿದವನಲ್ಲ. ಹತ್ತು ವರ್ಷಗಳಿಂದ ಮಧುಮೇಹವಿದೆ. ಕಾಲಿನ ಹೆಬ್ಬೆರಳಿನ ಗಾಯ ಮೂರು ತಿಂಗಳಾದರೂ ಮಾಯ್ದಿಲ್ಲ, ಸಂಜೆಯ ಹೊತ್ತು ಕಣ್ಣು ಮಂಜಾಗುತ್ತದೆ. ಅನ್ನ, ರೊಟ್ಟಿ, ಸಕ್ಕರೆಗಳನ್ನು ಕಡಿಮೆ ಮಾಡಬೇಕೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಮನೆಯಲ್ಲಿ ಅವನು ಆ ಮಾತನ್ನು ಹೇಗೋ ಪಾಲಿಸುತ್ತಾನೆ. ಆದರೆ ಪಂಕ್ತಿಯಲ್ಲಿ ಮಾದಲಿ ಬಂದಿತು, ಹುಗ್ಗಿ ಬಂದಿತು, ಮೇಲೆ ಎರಡು ಸಲ ಅನ್ನವೂ ಬಂದಿತು. ಬೇಡವೆನ್ನಲು ನಾಲಗೆ ಏಳಲಿಲ್ಲ. ಬಡಿಸಿದುದೆಲ್ಲವನ್ನೂ ಉಂಡು, ಒಂದು ಅಗುಳೂ ಉಳಿಯದಂತೆ ತಟ್ಟೆ ತೊಳೆದು ಆ ನೀರನ್ನೂ ಕುಡಿದು ಎದ್ದನು. ಮರುದಿನ ಮಗನು ಆಕ್ಷೇಪಿಸಿದರೆ ಅವನ ಉತ್ತರ ಒಂದೇ: 'ಪ್ರಸಾದದಿಂದ ರೋಗ ಬರುವುದುಂಟೇನಪ್ಪ?'

ಈ ಮಾತಿನಲ್ಲಿ ಭಕ್ತಿಯಿದೆ, ಅದನ್ನು ನಗೆಯಾಡತಕ್ಕದ್ದಲ್ಲ. ಆದರೆ ಅದು ಅರ್ಧ ಮಾತು. ಉಳಿದರ್ಧವನ್ನು ಕಲ್ಯಾಣದ ಒಬ್ಬ ಬಡ ಶರಣೆಯ ಮನೆಯಲ್ಲಿ ಹುಡುಕಬೇಕಾಗಿದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇವರ ಕಥೆ ಭಕ್ತರೆಲ್ಲರಿಗೂ ಪರಿಚಿತವಾದುದೇ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವೆಂದರೆ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು, ಅದರಿಂದ ಜಂಗಮದಾಸೋಹ ನಡೆಯಿಸುವುದು. ಒಂದು ದಿನ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತನು. ಹೊತ್ತು ಮೀರಿತೆಂದು ಲಕ್ಕಮ್ಮನು ಎಚ್ಚರಿಸಲು ಅವಸರದಿಂದ ಹೋಗಿ, ನಿತ್ಯದ ಪ್ರಮಾಣಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನಿಗೆ ಅದರಿಂದ ಸಂತೋಷವಾಗಲಿಲ್ಲ. ಇಷ್ಟೊಂದು ಆಸೆ ಏಕೆಂದು ಗಂಡನನ್ನು ಪ್ರಶ್ನಿಸಿ, ಮಿಗಿಲಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು.

ಈ ಕಥೆಯನ್ನು ಸಾಮಾನ್ಯವಾಗಿ ಕಾಯಕದ ಶುದ್ಧಿಗೂ ಸಂಗ್ರಹದ ನಿರಾಕರಣೆಗೂ ದೃಷ್ಟಾಂತವಾಗಿ ಹೇಳುವುದುಂಟು. ಅದು ಸರಿಯೇ. ಆದರೆ ಲಕ್ಕಮ್ಮನು ಆ ಮಾತನ್ನು ಯಾವ ಸಮಯದಲ್ಲಿ ಆಡಿದಳೆಂಬುದರ ಕಡೆಗೆ ಗಮನ ಹರಿದಿರುವುದು ವಿರಳ. ಅಕ್ಕಿ ಇನ್ನೂ ಮರದಲ್ಲಿದೆ. ಒಲೆಗೆ ಏರಿಲ್ಲ, ಲಿಂಗಕ್ಕೆ ಅರ್ಪಿತವಾಗಿಲ್ಲ. ಆಗಲೇ ಆಕೆ ಅಳೆದಳು. ಬೇಯಿಸಿ, ಅರ್ಪಿಸಿ, ಪ್ರಸಾದವಾದ ಮೇಲೆ ಅದು ಹೆಚ್ಚಾಯಿತೆಂದು ಚೆಲ್ಲಿಸಿದವಳಲ್ಲ. ಅಳತೆಗೆ ಒಂದು ಕಾಲವುಂಟು. ಆ ಕಾಲ ಅರ್ಪಣಕ್ಕೆ ಮುಂಚಿನದು.

ಪದಾರ್ಥ ಬೇರೆ, ಪ್ರಸಾದ ಬೇರೆ ಎಂಬುದು ಶಿವಶರಣರ ತತ್ತ್ವದಲ್ಲಿ ಮೂಲಭೂತವಾದ ವಿವೇಚನೆ. ಹೊಲದಿಂದ ಬಂದ ಧಾನ್ಯ, ಸಂತೆಯಿಂದ ಬಂದ ಕಾಯಿಪಲ್ಯ, ಇವು ಪದಾರ್ಥಗಳು. ಅವುಗಳ ಪೂರ್ವಾಶ್ರಯವನ್ನು ಕಳೆದು ಲಿಂಗಕ್ಕೆ ಅರ್ಪಿಸಿದ ಬಳಿಕ ಅವು ಪ್ರಸಾದವಾಗುತ್ತವೆ. ಪ್ರಸಾದವಾದುದನ್ನು ಬಿಡುವಂತಿಲ್ಲ, ಚೆಲ್ಲುವಂತಿಲ್ಲ, ಹಳಿಯುವಂತಿಲ್ಲ. ಆದುದರಿಂದಲೇ ಪದಾರ್ಥವಿರುವಾಗ ಎಚ್ಚರ ಹೆಚ್ಚಾಗಿರಬೇಕು. ಷಟ್‌ಸ್ಥಲದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆಯನ್ನೂ ಮಾಹೇಶ್ವರಸ್ಥಲಕ್ಕೆ ನಿಷ್ಠೆಯನ್ನೂ ಹೇಳಿದ ಹಿರಿಯರು ಪ್ರಸಾದಿಸ್ಥಲಕ್ಕೆ ಹೇಳಿದುದು ಅವಧಾನವನ್ನು. ತಿನ್ನುವ ಸ್ಥಲಕ್ಕೆ ಎಚ್ಚರವನ್ನೇ ಭಕ್ತಿಯನ್ನಾಗಿ ವಿಧಿಸಿದ್ದು ಸಾಮಾನ್ಯವಾದ ಸಂಗತಿಯಲ್ಲ. ಪಂಕ್ತಿಯಲ್ಲಿ ಕುಳಿತ ಆ ಗೃಹಸ್ಥನಲ್ಲಿ ಶ್ರದ್ಧೆಯಿತ್ತು, ನಿಷ್ಠೆಯಿತ್ತು. ಸೌಟು ತಟ್ಟೆಯ ಮೇಲೆ ಬಾಗುವ ಒಂದು ಕ್ಷಣದಲ್ಲಿ ಬೇಕಾಗಿದ್ದ ಅವಧಾನ ಮಾತ್ರ ಇರಲಿಲ್ಲ.

ಈ ಅವಧಾನ ಇಂದು ಇಷ್ಟೊಂದು ಅವಶ್ಯಕವಾದುದೇಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹವುಳ್ಳವರು ಸುಮಾರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ. ಅದೇ ಸಮೀಕ್ಷೆಯ ಆಹಾರವಿಭಾಗ 2025ರಲ್ಲಿ ಹೊರಬಂದಾಗ ತಿಳಿದುಬಂದುದೇನೆಂದರೆ, ಭಾರತೀಯರ ಆಹಾರಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಅನ್ನ, ರೊಟ್ಟಿ, ಸಕ್ಕರೆ ಮೊದಲಾದವುಗಳಲ್ಲಿರುವ ಶರ್ಕರಪಿಷ್ಟದಿಂದಲೇ ಬರುತ್ತದೆ. ಮೈಕಟ್ಟುವ ಪ್ರೋಟೀನಿನ ಪಾಲು ಬಹಳ ಕಡಿಮೆ.

ಶರ್ಕರಪಿಷ್ಟವು ಒಡಲಿನಲ್ಲಿ ಏನಾಗುತ್ತದೆಂಬುದನ್ನು ತಿಳಿಯುವುದು ಕಷ್ಟವಲ್ಲ. ಅನ್ನವಿರಲಿ ಮುದ್ದೆಯಿರಲಿ, ಅದರೊಳಗಿನ ಪಿಷ್ಟವು ಜೀರ್ಣವಾದಾಗ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತನ ಒಡಲಿನಲ್ಲಿ ಹರಿಯುವ ಸುಮಾರು 5 ಲೀಟರು ರಕ್ತದಲ್ಲಿ ಒಂದು ಸಮಯಕ್ಕೆ ಇರುವ ಈ ಸಕ್ಕರೆ ಎಷ್ಟು? ಎಲ್ಲ ಸೇರಿ 5 ಗ್ರಾಂ. ಒಂದು ಚಹದ ಚಮಚೆ. 100 ಗ್ರಾಂ ಅಕ್ಕಿಯಲ್ಲಿಯಾದರೋ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ಹೊಟ್ಟೆತುಂಬ ಉಣ್ಣುವವನು ಒಂದು ಊಟದಲ್ಲಿ 150 ಗ್ರಾಂ ಅಕ್ಕಿಯ ಅನ್ನವನ್ನು ಉಂಡನೆಂದರೆ, ಒಂದು ಚಮಚೆ ಹಿಡಿಯುವ ಮನೆಗೆ ಇಪ್ಪತ್ತು ಚಮಚೆಗೂ ಮೀರಿದ ಸರಕು ಕೆಲವೇ ಗಂಟೆಗಳಲ್ಲಿ ಬಂದು ಬಿದ್ದಂತಾಯಿತು. ಅದನ್ನು ಸಾಗಹಾಕುವ ಕೆಲಸ ಮೇದೋಜೀರಕಾಂಗದಿಂದ ಸ್ರವಿಸುವ ಇನ್ಸುಲಿನ್ನಿನದು. ಸ್ನಾಯುಗಳು ದುಡಿಯುತ್ತಿದ್ದರೆ ಅವು ಅದನ್ನು ಉರಿಸುತ್ತವೆ. ದುಡಿಯದಿದ್ದರೆ ಯಕೃತ್ತಿನಲ್ಲಿ ಸ್ವಲ್ಪ ಶೇಖರವಾಗಿ ಉಳಿದುದು ಕೊಬ್ಬಾಗುತ್ತದೆ. ವರ್ಷಾನುಗಟ್ಟಲೆ ಹೀಗೆಯೇ ನಡೆದರೆ ಇನ್ಸುಲಿನ್ನಿನ ಮಾತನ್ನು ಅಂಗಗಳು ಕೇಳದಾಗುತ್ತವೆ, ಸಕ್ಕರೆ ರಕ್ತದಲ್ಲಿಯೇ ನಿಲ್ಲುತ್ತದೆ. ಉಪವಾಸದಲ್ಲಿ 100 ಮಿಲಿಲೀಟರು ರಕ್ತಕ್ಕೆ 126 ಮಿಲಿಗ್ರಾಂ ಮುಟ್ಟಿದರೆ ಅದನ್ನು ಮಧುಮೇಹವೆನ್ನುತ್ತಾರೆ. ಮೂತ್ರಪಿಂಡ, ಕಣ್ಣಿನ ಪೊರೆ, ಪಾದದ ನರಗಳು ಮೊದಲು ಪೆಟ್ಟು ತಿನ್ನುವ ಸ್ಥಾನಗಳು. ಮಾರಯ್ಯನ ಮನೆಯಲ್ಲಿ ಮಿಗಿಲಾದ ಅಕ್ಕಿ ಲಕ್ಕಮ್ಮನ ಕಣ್ಣಿಗೆ ಬಿದ್ದಿತು. ಒಡಲೊಳಗೆ ಮಿಗಿಲಾದುದು ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ವರ್ಷಗಳ ಮೇಲೆ ಹೆಬ್ಬೆರಳು ಅದನ್ನು ಹೇಳುತ್ತದೆ.

ಪಿಷ್ಟವನ್ನು ಕಡಿಮೆ ಮಾಡಿ ಈ ರೋಗವನ್ನು ಹತೋಟಿಗೆ ತರುವ ಉಪಾಯ ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. ಶರಣರಲ್ಲಿ ವೈದ್ಯ ಸಂಗಣ್ಣನಂತಹ ಕಾಯಕದ ವೈದ್ಯರಿದ್ದರು. ಅವರಿಗೆ ಎಷ್ಟೋ ಹಿಂದೆಯೇ ಚರಕಸಂಹಿತೆಯು ಪ್ರಮೇಹದ ಕಾರಣಗಳನ್ನು ಎಣಿಸುವಾಗ ಕುಳಿತಲ್ಲಿಯೇ ಕುಳಿತಿರುವ ಸುಖ, ನಿದ್ರೆಯ ಸುಖ, ಹೊಸ ಧಾನ್ಯ, ಬೆಲ್ಲದ ಭಕ್ಷ್ಯ ಇವುಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದೆ. ಮೊಸರನ್ನೂ ಅದೇ ಸಾಲಿಗೆ ಸೇರಿಸಿರುವುದರಲ್ಲಿ ಇಂದಿನ ವೈದ್ಯರಿಗೆ ಭಿನ್ನಾಭಿಪ್ರಾಯವಿದ್ದೀತು, ಅದು ಬೇರೆ ಮಾತು. ಸುಶ್ರುತನು ಇನ್ನೂ ಮುಂದೆ ಹೋಗಿ, ಧನವಿಲ್ಲದ ರೋಗಿಯು ಕೊಡೆ ಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯಲಿ, ಇಲ್ಲವೆ ಬಾವಿ ತೋಡಲಿ ಎಂದು ವಿಧಿಸಿದನು. ಕಾಯಕದಿಂದ ದೂರವಾದವನಿಗೆ ಕಾಯಕವನ್ನೇ ಔಷಧವಾಗಿ ಕೊಟ್ಟಂತಾಯಿತು.

ಪಾಶ್ಚಾತ್ಯ ದೇಶದ ಕಥೆಯೂ ಸ್ವಾರಸ್ಯವಾಗಿದೆ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್ ಎಂಬವನು 1862ರಲ್ಲಿ, ಅರವತ್ತಾರರ ಸಮೀಪದ ವಯಸ್ಸಿನಲ್ಲಿ, 202 ಪೌಂಡು ತೂಗುತ್ತಿದ್ದನು; ಎತ್ತರ 5 ಅಡಿ 5 ಅಂಗುಲ ಮಾತ್ರ. ಬಾಗಿ ಬೂಟಿನ ಲಾಡಿಯನ್ನು ಕಟ್ಟಿಕೊಳ್ಳಲಾರನು, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕು. ಕಿವಿ ಕೇಳಿಸದೆಂದು ಅವನು ವಿಲಿಯಂ ಹಾರ್ವೆ ಎಂಬ ವೈದ್ಯನಲ್ಲಿಗೆ ಹೋದನು. ಆ ವೈದ್ಯನು ಕಿವಿಗೆ ಮದ್ದು ಹಾಕುವುದಕ್ಕೆ ಬದಲು ರೊಟ್ಟಿ, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಿಸಿದನು. ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. 1863ರಲ್ಲಿ ಅವನು ಅಚ್ಚು ಹಾಕಿಸಿದ ಸಣ್ಣ ಪುಸ್ತಿಕೆ ದೇಶದೇಶಗಳಲ್ಲಿ ಹೆಸರಾಯಿತು. ತಾನು ಎಂಬತ್ತೊಂದರವರೆಗೆ ಬದುಕಿ 1878ರಲ್ಲಿ ತೀರಿಕೊಂಡನು. ಮುಂದೆ 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಇನ್ಸುಲಿನ್ನನ್ನು ಕಂಡುಹಿಡಿದವರಲ್ಲಿ ಪ್ರಮುಖನ ಹೆಸರೂ ಬ್ಯಾಂಟಿಂಗ್ ಎಂದೇ ಇದ್ದುದು ವಿಚಿತ್ರ. ಇನ್ಸುಲಿನ್ ಬರುವವರೆಗೆ ಮಧುಮೇಹಿಗಳಿಗೆ ವೈದ್ಯರು ಕೊಡಬಲ್ಲವರಾಗಿದ್ದ ಮುಖ್ಯ ಚಿಕಿತ್ಸೆ ಪಿಷ್ಟದ ನಿಯಂತ್ರಣವೇ ಆಗಿತ್ತು. ಔಷಧ ಬಂದ ಮೇಲೆ ಊಟದ ಕಟ್ಟು ಸಡಿಲವಾಯಿತು. ಈಗ ಮತ್ತೆ ಹಳೆಯ ದಾರಿಗೇ ಜನ ತಿರುಗುತ್ತಿದ್ದಾರೆ. ರಕ್ತದ ಸಕ್ಕರೆಯನ್ನು ಇಳಿಸುವಲ್ಲಿ ಹೆಚ್ಚಿನ ಆಧಾರವಿರುವುದು ಒಟ್ಟು ಶರ್ಕರಪಿಷ್ಟವನ್ನು ಕಡಿಮೆ ಮಾಡುವ ಕ್ರಮಕ್ಕೇ ಎಂದು ಅಮೆರಿಕದ ಮಧುಮೇಹ ಸಂಘವು 2019ರಲ್ಲಿ ಒಪ್ಪಿ ಬರೆಯಿತು.

ಬ್ಯಾಂಟಿಂಗನ ತಟ್ಟೆ ಲಿಂಗವಂತ ಗೃಹಸ್ಥನ ತಟ್ಟೆಯಾಗಲಾರದು. ರೊಟ್ಟಿಯನ್ನು ಬಿಟ್ಟು ಅವನು ಹೊಟ್ಟೆ ತುಂಬಿಕೊಂಡುದು ಮಾಂಸ ಮೀನುಗಳಿಂದ. ಶಾಕಾಹಾರದ ಆಚಾರವುಳ್ಳ ಮನೆಯಲ್ಲಿ ಅನ್ನವನ್ನು ತೆಗೆದ ಜಾಗದಲ್ಲಿ ಏನನ್ನಿಡಬೇಕು? ಇದೇ ನಿಜವಾದ ಪ್ರಶ್ನೆ. ಇದನ್ನು ಕೇಳದೆ ಬರಿಯ ಅನ್ನವನ್ನು ಬಿಟ್ಟವರು ಎರಡು ವಾರ ಹಸಿದು, ಮೂರನೆಯ ವಾರ ಮೊದಲಿಗಿಂತ ಹೆಚ್ಚಾಗಿ ಉಣ್ಣುತ್ತಾರೆ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಅಕ್ಕಿಯೊಂದೇ ದೋಷಿ, ಜೋಳ ರಾಗಿ ನವಣೆಗಳನ್ನು ಎಷ್ಟು ತಿಂದರೂ ಬಾಧಕವಿಲ್ಲವೆಂದು ಅನೇಕರು ನಂಬಿದ್ದಾರೆ. 100 ಗ್ರಾಂ ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ ಇದ್ದರೆ ಜೋಳದಲ್ಲಿಯೂ ರಾಗಿಯಲ್ಲಿಯೂ ಸುಮಾರು 67ರಿಂದ 72ರವರೆಗೆ ಇದೆ. ನಾರು ಹೆಚ್ಚಿರುವುದರಿಂದ ರಕ್ತಕ್ಕೆ ಸ್ವಲ್ಪ ನಿಧಾನವಾಗಿ ಇಳಿದೀತು, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತೀತು. ಇಷ್ಟು ಲಾಭ ಉಂಟು. ಆದರೆ ಅಕ್ಕಿಯ ಬದಲು ಕಿರುಧಾನ್ಯವನ್ನೋ ಗೋಧಿಯನ್ನೋ ಅಷ್ಟೇ ಪ್ರಮಾಣದಲ್ಲಿ ತಿಂದರೆ ಮಧುಮೇಹದ ಭಯ ಕಡಿಮೆಯಾದುದು ಮೇಲೆ ಹೇಳಿದ 2025ರ ಸಮೀಕ್ಷೆಯಲ್ಲಿ ಕಂಡುಬರಲಿಲ್ಲ. ಧಾನ್ಯದ ಜಾತಿಯನ್ನು ಬದಲಿಸಿದರೆ ಸಾಲದು, ಅಳತೆ ಬದಲಾಗಬೇಕು. ಲಕ್ಕಮ್ಮನೂ ಅಕ್ಕಿ ಸಣ್ಣದೋ ದಪ್ಪದೋ ಎಂದು ವಿಚಾರಿಸಲಿಲ್ಲ.

ಬಿಟ್ಟ ಜಾಗವನ್ನು ತುಂಬುವ ಸಾಮಗ್ರಿ ಕನ್ನಡನಾಡಿನ ಅಡಿಗೆಮನೆಯಲ್ಲಿ ಬೇಕಾದಷ್ಟಿದೆ. ಬಡಗಣ ಸೀಮೆಯಲ್ಲಿ ಪುಂಡಿಪಲ್ಯ, ಮೆಂತ್ಯಪಲ್ಯ, ಬದನೆಯ ಎಣ್ಣೆಗಾಯಿ, ಮಡಕಿ ಹೆಸರುಗಳ ಉಸುಳಿ, ಜುಣಕ, ಗಟ್ಟಿ ಮೊಸರು, ಶೇಂಗಾ ಅಗಸಿ ಗುರೆಳ್ಳುಗಳ ಚಟ್ನಿಪುಡಿ. ತೆಂಕಣದಲ್ಲಿ ಅವರೆ ಹುರುಳಿಗಳ ಸಾರು, ಸೊಪ್ಪಿನ ಹುಳಿ, ಕೋಸಂಬರಿ, ಮಜ್ಜಿಗೆ. ಇಷ್ಟು ಕಾಲ ಇವು ರೊಟ್ಟಿಗೂ ಅನ್ನಕ್ಕೂ ನಂಚಿಕೊಳ್ಳುವ ಪರಿಕರಗಳಾಗಿದ್ದವು. ಈಗ ಇವು ತಟ್ಟೆಯ ನಡುವೆ ಬರಬೇಕು, ರೊಟ್ಟಿ ಬದಿಗೆ ಸರಿಯಬೇಕು. ತೊಗರಿ ಬೇಳೆಯಲ್ಲಿಯೂ ಕಡಲೆ ಬೇಳೆಯಲ್ಲಿಯೂ 100 ಗ್ರಾಮಿಗೆ ಸುಮಾರು 21 ಗ್ರಾಂ ಪ್ರೋಟೀನಿದೆ. ಶೇಂಗಾದಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಶರ್ಕರಪಿಷ್ಟವಾದರೋ ಧಾನ್ಯದ ಕಾಲುಭಾಗದಷ್ಟು. ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟವಿರುವ ಊಟವನ್ನು ವೈದ್ಯರು ಸಾಮಾನ್ಯವಾಗಿ ಅಲ್ಪಪಿಷ್ಟದ ಊಟವೆಂದು ಕರೆಯುತ್ತಾರೆ. ತಲಾ 50 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಗಳಿಂದ ಸುಮಾರು 70 ಗ್ರಾಂ, ಎರಡು ಹಿಡಿ ಕಾಳು ಬೇಳೆಗಳಿಂದ 30, ಪಲ್ಯ ಮೊಸರುಗಳಿಂದ 20 ಎಂದು ಹಿಡಿದರೂ ಆ ಮಿತಿಯೊಳಗೆ ದಿನ ಕಳೆಯುವುದು ಸಾಧ್ಯ. ಆದರೆ ನಡುವೆ ನಾಲ್ಕು ಸಲ ಸಕ್ಕರೆಯ ಚಹ, ಸಂಜೆಗೊಂದು ತಟ್ಟೆ ಮಂಡಕ್ಕಿ ಬಂದರೆ ಲೆಕ್ಕ ಕೆಟ್ಟಿತು. ದಿನಕ್ಕೆ 50 ಗ್ರಾಮಿಗೂ ಕೆಳಗೆ ಇಳಿಸುವ ಕಠಿಣ ವ್ರತವೂ ಕೆಲವರಲ್ಲಿದೆ. ಕಾಳುಗಳಲ್ಲಿಯೂ ಪಿಷ್ಟವಿರುವುದರಿಂದ ಶಾಕಾಹಾರಿಗೆ ಅದು ಬಹಳ ದಿನ ನಡೆಯುವ ದಾರಿಯಲ್ಲ.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಇನ್ಸುಲಿನ್ನನ್ನು ಹೆಚ್ಚಿಸುವ ಮಾತ್ರೆ ನುಂಗುವವರು ವೈದ್ಯನಿಗೆ ತಿಳಿಸದೆ ಅನ್ನವನ್ನು ತಟ್ಟನೆ ಇಳಿಸಿದರೆ ಸಕ್ಕರೆ ಮಿತಿಮೀರಿ ಕುಸಿದು ಪ್ರಜ್ಞೆ ತಪ್ಪಬಹುದು. ಔಷಧದ ಅಳತೆಯೂ ಜೊತೆಯಲ್ಲಿಯೇ ಇಳಿಯಬೇಕು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಮಾತ್ರೆಗಳನ್ನು ಸೇವಿಸುವವರು ಪಿಷ್ಟವನ್ನು ತೀರ ಬಿಟ್ಟರೆ ರಕ್ತದಲ್ಲಿ ಆಮ್ಲವೇರುವ ಭಯವುಂಟು. ಮೂತ್ರಪಿಂಡ ಕೆಟ್ಟವರು, ಗರ್ಭಿಣಿಯರು ವೈದ್ಯನ ಸಲಹೆಯಿಲ್ಲದೆ ಹೆಜ್ಜೆಯಿಡಬಾರದು. ಚಿಕ್ಕಂದಿನಲ್ಲಿಯೇ ಇನ್ಸುಲಿನ್ ಬತ್ತಿಹೋದ ಮಕ್ಕಳಿಗೆ ಇನ್ಸುಲಿನ್ನೇ ಪ್ರಾಣ. ಊಟದ ಯಾವ ಕ್ರಮವೂ ಅದರ ಸ್ಥಾನಕ್ಕೆ ಬಾರದು. ಹೊಲದಲ್ಲಿ ಬೆವರು ಸುರಿಸುವವನಿಗೆ, ಎರಡು ಹೊತ್ತಿನ ಊಟಕ್ಕೇ ಕಷ್ಟಪಡುವವನಿಗೆ ಅನ್ನ ಬಿಡೆಂದು ಉಪದೇಶಿಸುವುದಂತೂ ಪಾಪವೇ ಸರಿ. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದಾಗ ಅದು ಹಸಿದವರ ಒಲೆಯನ್ನು ಉರಿಸಿತು. ಕಾಯಕ ಕುರ್ಚಿಗೆ ಇಳಿದು, ಊಟ ಮಾತ್ರ ಹೊಲದವನ ಊಟವಾಗಿಯೇ ಉಳಿದವನನ್ನು ಕುರಿತದ್ದು ಇಲ್ಲಿಯ ಮಾತು.

ಇನ್ನು ಗೃಹಿಣಿಯ ವಿಚಾರ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ತಪ್ಪಲೆಯಲ್ಲಿ ಎರಡು ಸೌಟು ಅನ್ನ ಉಳಿಯುತ್ತದೆ. ಚೆಲ್ಲಿದರೆ ಪಾಪ, ಆಳಿಗೆ ಕೊಡಲು ಸಾಲದು, ಇಡಲು ಹಳಸೀತು. ಹಸಿವಿಲ್ಲದಿದ್ದರೂ ಆಕೆಯೇ ಅದನ್ನು ಉಂಡು ಪಾತ್ರೆ ತೊಳೆಯುತ್ತಾಳೆ. ಪಲ್ಯ ಬೇಳೆಗಳು ಅಷ್ಟರಲ್ಲಿ ತೀರಿರುತ್ತವೆ; ಆ ಅನ್ನಕ್ಕೆ ಜೊತೆ ಉಪ್ಪಿನಕಾಯಿಯ ರಸ. ಮೂವತ್ತು ವರ್ಷ ಹೀಗೆ ನಡೆದ ಮೇಲೆ ಮನೆಯಲ್ಲಿ ಮೊದಲು ಸಕ್ಕರೆ ರೋಗ ಹತ್ತಿದುದು ಆಕೆಗೆಂದರೆ ಮನೆಯವರು ಬೆರಗಾಗುತ್ತಾರೆ, ಏಕೆಂದರೆ ಆಕೆ ಹೆಚ್ಚು ಉಂಡುದನ್ನು ಯಾರೂ ನೋಡಿಲ್ಲ. ಅನ್ನವನ್ನು ಚೆಲ್ಲಬಾರದೆಂಬ ನೇಮವನ್ನು ಆಕೆಯ ಒಡಲಿನ ಮೇಲೆ ಹೊರಿಸಿ ಉಳಿದವರು ಪುಣ್ಯವಂತರಾಗುವುದು ಯಾವ ನ್ಯಾಯ? ಶರಣರು ಈ ಒಡಲನ್ನೇ ಶಿವನ ಆಲಯವಾಗಿ ಕಂಡವರು. ಆ ಆಲಯ ಮಿಕ್ಕುದನ್ನು ತುಂಬುವ ಹಗೇವಲ್ಲ. ಅಕ್ಕಿಯನ್ನು ಒಲೆಗೆ ಏರಿಸುವ ಮೊದಲೇ ಒಂದು ಪಾವು ತೆಗೆದಿಡುವುದು, ಬೇಳೆ ಪಲ್ಯಗಳನ್ನು ಆಕೆಗೂ ಉಳಿಯುವಷ್ಟು ಮಾಡುವುದು, ಸಾಧ್ಯವಾದರೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು, ಇದು ಗಂಡಸರೂ ಸೇರಿ ಪಾಲಿಸತಕ್ಕ ನೇಮ. ಅಕ್ಕಿ ತಂದವನು ಮಾರಯ್ಯ, ಅಳತೆ ಹೇಳಿದವಳು ಲಕ್ಕಮ್ಮ, ಮರಳಿ ಹೊತ್ತುಕೊಂಡು ಹೋದವನು ಮತ್ತೆ ಮಾರಯ್ಯನೇ ಎಂಬುದನ್ನು ಮರೆಯಲಾಗದು.

ಉಪಚಾರ ಮಾಡುವವರಿಗೂ ಒಂದು ಮಾತು ಸಲ್ಲುತ್ತದೆ. 'ಇನ್ನೊಂದು ಹೋಳಿಗೆ, ನನ್ನ ಆಣೆ' ಎಂದು ತಟ್ಟೆಗೆ ಹಾಕಿಯೇ ಬಿಡುವುದು ಕನ್ನಡನಾಡಿನ ಪ್ರೀತಿಯ ಪರಿ. ಪ್ರೀತಿ ಸುಳ್ಳಲ್ಲ. ಆದರೆ ಬಿದ್ದುದನ್ನು ಬಿಡಲಾರದ ಆಚಾರವಂತನ ತಟ್ಟೆಗೆ ಬಲವಂತವಾಗಿ ಹಾಕಿದ ಹೋಳಿಗೆ, ಅವನ ಭಕ್ತಿಯನ್ನೇ ಹಿಡಿದು ಅವನನ್ನು ಕಟ್ಟಿಹಾಕಿದಂತೆ. ದಾಸೋಹಿಯ ಧರ್ಮ ಜಂಗಮದ ಇಚ್ಛೆಯನ್ನು ಅರಿತು ನೀಡುವುದು. ತನ್ನ ಇಚ್ಛೆಯನ್ನು ಅವನ ಹೊಟ್ಟೆಗೆ ತುಂಬುವುದಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ದಿನವೂ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿದ, 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ತಾವು ಮಾತ್ರ ಬಹಳ ಮಿತವಾಗಿ ಪ್ರಸಾದ ಸ್ವೀಕರಿಸುತ್ತಿದ್ದರೆಂಬುದು ಅವರನ್ನು ಕಂಡವರೆಲ್ಲರೂ ಬಲ್ಲ ವಿಷಯ. ನೀಡುವ ಕೈ ದೊಡ್ಡದಾಗಿರುವುದಕ್ಕೂ ಉಣ್ಣುವ ತುತ್ತು ಸಣ್ಣದಾಗಿರುವುದಕ್ಕೂ ವಿರೋಧವಿಲ್ಲ.

ಎದುರು ಬದಿಯ ದೋಷವನ್ನೂ ಹೇಳದೆ ಬಿಡಲಾಗದು. ಅನ್ನ ಬಿಟ್ಟು ಆರು ತಿಂಗಳಲ್ಲಿ ಹತ್ತು ಸೇರು ಇಳಿದವನಿಗೆ ಅನ್ನವೆಂದರೆ ವಿಷವೆನಿಸತೊಡಗುತ್ತದೆ. ಪಕ್ಕದವನ ತಟ್ಟೆಯನ್ನು ನೋಡಿ ನಿಟ್ಟುಸಿರು ಬಿಡುತ್ತಾನೆ, ಬೀಗರ ಮನೆಯಲ್ಲಿ ಉಪನ್ಯಾಸ ಮಾಡುತ್ತಾನೆ, ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾನೆ. ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಪ್ರಸಂಗವಿದೆ. ಕಾಯಸಿದ್ಧಿಯಿಂದ ವಜ್ರವಾಗಿದ್ದ ಅವನ ಒಡಲಿಗೆ ಕತ್ತಿ ತಾಗಿದಾಗ ಖಣಿಲೆಂದಿತು. ಅಲ್ಲಮಪ್ರಭುವಿನ ಒಡಲಿನಲ್ಲಿ ಅದೇ ಕತ್ತಿ ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಒಡಲನ್ನು ಗಟ್ಟಿ ಮಾಡಿಕೊಳ್ಳುವುದೇ ಗುರಿಯಾದರೆ ಅಲ್ಲಮನ ಮುಂದೆ ಗೋರಕ್ಷನು ತಲೆಬಾಗಬೇಕಾದ ಕಾರಣವಿರಲಿಲ್ಲ. ಅಷ್ಟೇ ಅಲ್ಲ, ಹಮ್ಮಿನಿಂದ ಹಿಡಿದ ನೇಮ ಬಹುದಿನ ಬಾಳದು. ಅಲ್ಪಪಿಷ್ಟದ ಊಟದಿಂದ ಮೊದಲ ಆರು ತಿಂಗಳಲ್ಲಿ ಕಾಣುವ ಹೆಚ್ಚಿನ ಗುಣ ವರ್ಷ ತುಂಬುವ ಹೊತ್ತಿಗೆ ಉಳಿದ ಪಥ್ಯಗಳ ಮಟ್ಟಕ್ಕೆ ಇಳಿದುಬರುವುದನ್ನು ಅನೇಕ ಸಂಶೋಧನೆಗಳು ತೋರಿಸಿವೆ. ಅದಕ್ಕೆ ಕಾರಣ ಬಹುಮಟ್ಟಿಗೆ ಜನರು ಹಿಡಿದುದನ್ನು ಬಿಡುವುದು. ನಿತ್ಯದ ಲಿಂಗಪೂಜೆಯನ್ನು ನಲವತ್ತು ವರ್ಷ ತಪ್ಪಿಸದವನಿಗೆ ನಿತ್ಯದ ಎರಡು ರೊಟ್ಟಿಯ ನೇಮ ಅಸಾಧ್ಯವಾಗಬೇಕಾಗಿಲ್ಲ. ಎರಡನ್ನೂ ಒಂದೇ ಹೊತ್ತಿಗೆ ಜೋಡಿಸಿಕೊಂಡವರಿಗೆ ಅದು ಸುಲಭವಾಗಿಯೂ ಇದೆ: ಲಿಂಗಕ್ಕೆ ಎಷ್ಟು ತೋರಿಸುವುದೋ ಅಷ್ಟೇ ತಟ್ಟೆಗೆ, ಮತ್ತೆ ನೀಡಿಸಿಕೊಳ್ಳುವುದಿಲ್ಲ.

ಪಂಕ್ತಿಯಲ್ಲಿ ಕುಳಿತ ಗೃಹಸ್ಥನ ಪ್ರಶ್ನೆಗೆ ಈಗ ಮರಳಬಹುದು. ಪ್ರಸಾದದಿಂದ ರೋಗ ಬರುವುದುಂಟೆ ಎಂದು ಅವನು ಕೇಳಿದ್ದನು. ಅವನು ತಡೆಯಬೇಕಾಗಿದ್ದುದು ಪ್ರಸಾದವನ್ನಲ್ಲ. ಸೌಟಿನಲ್ಲಿ ಇನ್ನೂ ಪದಾರ್ಥವಾಗಿಯೇ ಇದ್ದ ಮಿಗಿಲನ್ನು. ಒಂದು ತುತ್ತು ಮಾದಲಿ, ಒಂದು ಹಿಡಿ ಅನ್ನ ತಟ್ಟೆಗೆ ಬಿದ್ದರೂ ಪ್ರಸಾದದ ಪೂರ್ಣತೆಗೆ ಏನೂ ಕೊರತೆಯಿಲ್ಲ. ಪ್ರಸಾದಕ್ಕೆ ತೂಕವಿಲ್ಲ, ತೂಕವಿರುವುದು ಅಕ್ಕಿಗೆ. ಮಠದ ಮುದ್ರೆಯುಳ್ಳ ಅನ್ನವೆಲ್ಲವೂ ಮೊದಲೇ ಅರ್ಪಿತವಾದುದಲ್ಲವೆ ಎಂದು ಸೂಕ್ಷ್ಮಜ್ಞರು ಕೇಳಬಹುದು. ಹೌದು, ಆದರೂ ಭಕ್ತನು ತನ್ನ ಕರಸ್ಥಲದ ಲಿಂಗಕ್ಕೆ ತಾನು ಕೊಟ್ಟುಕೊಂಡುಣ್ಣುವುದು ತನ್ನ ತಟ್ಟೆಗೆ ಬಂದುದನ್ನಷ್ಟೇ. ತಡೆದ ಅನ್ನ ಚೆಲ್ಲಿಹೋಗದು, ಮುಂದಿನವನ ತಟ್ಟೆಗೆ ಹೋಗುತ್ತದೆ; ಅವನು ಹೊಲದಿಂದ ಬಂದ ಹಸಿದವನಾಗಿರಬಹುದು.

ಇದಕ್ಕೆ ಅನುಕೂಲವಾದ ಕ್ರಮವನ್ನು ಹಿರಿಯರು ಬಡಿಸುವ ವಿಧಾನದಲ್ಲಿಯೇ ಇಟ್ಟಿದ್ದಾರೆ. ಬಾಳೆಯೆಲೆಗೆ ಮೊದಲು ಬರುವುದು ಕೋಸಂಬರಿ, ಆಮೇಲೆ ಪಲ್ಯ; ಅನ್ನ ಬರುವುದು ತಡವಾಗಿ. ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಕೆಲವು ಮಧುಮೇಹಿಗಳನ್ನು ಪರೀಕ್ಷಿಸಿ, ತರಕಾರಿಯನ್ನೂ ಪ್ರೋಟೀನಿನ ಆಹಾರವನ್ನೂ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ, ಅದೇ ಊಟದಿಂದ ರಕ್ತದ ಸಕ್ಕರೆ ಏರುವುದು ಸ್ಪಷ್ಟವಾಗಿ ಕಡಿಮೆಯಾಗುವುದೆಂದು ಕಂಡರು. ಇಂದಿನ ಪಂಕ್ತಿಗಳಲ್ಲಿ ಎಲ್ಲವನ್ನೂ ಬಡಿಸಿ ಮುಗಿಯುವವರೆಗೆ ಕೋಸಂಬರಿ ಎಲೆಯ ತುದಿಯಲ್ಲಿ ಕಾಯುತ್ತಿರುತ್ತದೆ. ಉಣ್ಣುವವರು ಅನ್ನಕ್ಕೆ ಕೈಹಾಕಿಯೇ ಆರಂಭಿಸುತ್ತಾರೆ. ಜಾತ್ರೆಯ ದಾಸೋಹವನ್ನು ನಡೆಸುವವರು ಕೋಸಂಬರಿ, ಉಸುಳಿ, ಪಲ್ಯಗಳನ್ನು ಧಾರಾಳವಾಗಿ ಬಡಿಸಿ, ಮಂತ್ರ ಹೇಳಿ ಊಟಕ್ಕೆ ಅಪ್ಪಣೆ ಕೊಟ್ಟು, ಅನ್ನದ ಬುಟ್ಟಿಯನ್ನು ಸ್ವಲ್ಪ ಹೊತ್ತು ತಡೆದು ಕಳುಹಿಸಿದರೆ ಖರ್ಚು ಹೆಚ್ಚಾಗದು. ಬುಟ್ಟಿ ಬರುವ ಹೊತ್ತಿಗೆ ಆ ಗೃಹಸ್ಥನ ಹಸಿವು ಅರ್ಧ ಇಳಿದಿರುತ್ತದೆ, ಕೈಯನ್ನು ಅಡ್ಡ ಹಿಡಿಯುವುದಕ್ಕೆ ಅವನಿಗೆ ಅಷ್ಟು ಕಷ್ಟವೂ ಆಗದು.